ಸಾಹೇಬರ ಮುಂದೆ ಬಿಚ್ಚಿದ ಬೂಟು

ನನ್ನ ಗಂಡ ಸೇನೆಯಲ್ಲಿ ಸಿಪಾಯಿಯಾಗಿದ್ದವರು; ಅವರಿಗೆ ಸಕ್ಕರೆ ಕಾಯಿಲೆ. ತಿಂಗಳಿಗೊಮ್ಮೆ ಕುಲಗೋಡದಿಂದ ಬಸ್ಸು ಹತ್ತಿ ಗೋಕಾಕದ ಮಾಜಿ ಸೈನಿಕರ ದವಾಖಾನೆಗೆ ಹೋಗುತ್ತೇವೆ. ಆ ಸಲ ಅವರ ಎಡಗಾಲಿನ ಒಂದು ಬೆರಳು ಕಪ್ಪಾಗಿತ್ತು. "ನೋವಿಲ್ಲ, ಬಿಡ," ಎಂದಿದ್ದರು. ನೋವಿಲ್ಲ ಎಂಬುದೇ ನನ್ನ ಹೆದರಿಕೆ. ನನ್ನ ತಂದೆಯ ಕಾಲನ್ನೂ ಹೀಗೆಯೇ ಬೆರಳಿನಿಂದ ಶುರುವಾಗಿ ಮೊಣಕಾಲಿನ ತನಕ ಕತ್ತರಿಸಬೇಕಾಗಿತ್ತು.

ಬೆಂಚಿನ ಮೇಲೆ ಎಂದಿನ ಗೊಣಗಾಟ ನಡೆದಿತ್ತು.

"ಗುಳಗಿ ಇಲ್ಲ, ಮುಂದಿನ ವಾರ ಬರ್ರಿ ಅಂತಾರ," ಎಂದರು ಮೂಡಲಗಿಯ ಸುಬೇದಾರರು. "ಬಂದ್ರ ಡಾಕ್ಟರೇ ಬ್ಯಾರೆ ಇರ್ತಾರ."

"ನಿಮ್ಮ ಮೊಣಕಾಲ ನೋಡೇ ಓಡಿ ಹೋಗಿರ್ತಾರ ಬಿಡ್ರಿ!" ಎಂದರು ನನ್ನ ಗಂಡ. ಎಲ್ಲರೂ ನಕ್ಕರು.

ಅಷ್ಟರಲ್ಲಿ ತಪಾಸಣೆಗೆಂದು ದೊಡ್ಡ ಅಧಿಕಾರಿಯೊಬ್ಬರು ಬಂದರು. ಇಲ್ಲಿ ಚೆನ್ನಾಗಿ ನೋಡುತ್ತಾರೆಯೇ ಎಂದು ಹಿಂದಿಯಲ್ಲಿ ಕೇಳಿದರು. ಬೆಂಚಿಗೆ ಬೆಂಚೇ ಎದ್ದು ನಿಂತಿತು. ಸುಬೇದಾರರೂ ಗೋಡೆ ಹಿಡಿದು ಎದ್ದರು.

"ಸಬ್ ಠೀಕ್ ಹೈ, ಸಾಬ್!" ಎಲ್ಲ ಸರಿಯಿದೆ ಎಂದು ಎಲ್ಲರೂ ಒಟ್ಟಿಗೆ ಕೂಗಿದರು.

ಅಧಿಕಾರಿ ತೃಪ್ತಿಯಿಂದ ಹೊರಟುಹೋದರು. ಕುಳಿತ ಮೇಲೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ನಮ್ಮ ಪಾಳಿ ಬಂತು. ಡಾಕ್ಟರು ಹೊಸಬರು, ಅವರೂ ಸೇನೆಯಲ್ಲಿ ಅಧಿಕಾರಿಯಾಗಿದ್ದವರು. ಏನು ತೊಂದರೆ ಎಂದು ಹಿಂದಿಯಲ್ಲಿ ಕೇಳಿದರು. ನನ್ನ ಗಂಡ ಕುರ್ಚಿಯಲ್ಲಿ ಕುಳಿತುಕೊಳ್ಳಲೇ ಇಲ್ಲ. ಕೈ ತೊಡೆಗೆ ಹಚ್ಚಿ, ಎದೆ ಸೆಟೆಸಿ ನಿಂತು, ಏನೂ ಇಲ್ಲ ಎಂದರು. ಡಾಕ್ಟರು ಹಳೆಯ ಗುಳಿಗೆಗಳನ್ನೇ ಬರೆಯತೊಡಗಿದರು. ನನಗೆ ಹಿಂದಿಯಲ್ಲಿ ಹೇಳಲು ಬಾರದು. ನೆಲದ ಮೇಲೆ ಕುಳಿತು ಗಂಡನ ಬೂಟಿನ ಲಾಡಿಗೆ ಕೈ ಹಾಕಿದೆ. ಬಿಗಿದ ಗಂಟನ್ನು ಉಗುರಿನಿಂದ ಎಳೆದು ಬಿಚ್ಚಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ; ಗೋಡೆ ನೋಡುತ್ತ ಹಾಗೆಯೇ ನಿಂತಿದ್ದರು. ಕಾಲುಚೀಲ ಕಳಚುವ ಮೊದಲೇ ವಾಸನೆ ಬಂತು. ಡಾಕ್ಟರು ಪೆನ್ನು ಕೆಳಗಿಟ್ಟು, ನನ್ನ ಬಾಜೂ ನೆಲದ ಮೇಲೆಯೇ ಕುಳಿತು ಪಾದವನ್ನು ಕೈಗೆ ತೆಗೆದುಕೊಂಡರು. ಆಮೇಲೆ ಒಂದೇ ಮಾತು: ಇವತ್ತೇ ಬೆಳಗಾವಿಗೆ.

ಬಾಡಿಗೆ ಕಾರು ಹುಕ್ಕೇರಿ ಕಡೆಯ ಹೆದ್ದಾರಿಗೆ ಬಂತು.

"ಸಾಹೇಬ್ರನ್ನ ನೆಲದ ಮ್ಯಾಲ ಕುಂಡ್ರಿಸಿದೆಲ್ಲ," ಎಂದರು ನನ್ನ ಗಂಡ.

"ಕುಂತ್ರು. ಏನಾತೀಗ?"



ಬೆಳಗಾವಿಯಲ್ಲಿ ಎರಡು ಬೆರಳು ತೆಗೆದರು. ಕಾಲು ಉಳಿಯಿತು. ಈಗ ದವಾಖಾನೆಯಲ್ಲಿ ಒಳಗೆ ಕರೆಯುವ ಮುಂಚೆ, ಬೆಂಚಿನ ಮೇಲೆಯೇ ಅವರ ಬೂಟು ಬಿಚ್ಚುತ್ತೇನೆ. ಅವರು ಮುಖ ಬಾಗಿಲ ಕಡೆಗೆ ತಿರುಗಿಸಿ ಕುಳಿತುಕೊಳ್ಳುತ್ತಾರೆ.