ಮಾವ ಕೆತ್ತದೆ ಬಿಟ್ಟ ಪದ

ನನ್ನ ಸೋದರಮಾವ ಹಿತ್ತಾಳೆ ಫಲಕಗಳ ಮೇಲೆ ಇಂಗ್ಲಿಷ್ ಅಕ್ಷರ ಕೆತ್ತುತ್ತಿದ್ದರು. ಆಟ ಗೆದ್ದವರು, ನಿವೃತ್ತರಾದವರು, ಸತ್ತವರು, ಯಾರನ್ನು ಹೊಗಳಬೇಕಾದರೂ ಅವರ ಉಳಿಯೇ ಬೇಕು. ಒಂದೊಂದು ಅಕ್ಷರ ಮುಗಿದಾಗಲೂ ಪುಡಿಯನ್ನು ಉಫ್ ಎಂದು ಊದುತ್ತಿದ್ದುದರಿಂದ ಅಂಗಡಿಯಲ್ಲಿ ಅವರ ಹೆಸರು ಊದಪ್ಪ. ಅವರನ್ನು ಮಾತ್ರ ಯಾರೂ ಹೊಗಳಿದ್ದಿಲ್ಲ. ಅತ್ತೆಯಂತೂ ಮನೆಯೆಲ್ಲ ಪುಡಿಯಾಗುತ್ತದೆಂದು ಬಾಗಿಲಲ್ಲೇ ಅಂಗಿ ಬಿಚ್ಚಿಸುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ನೋಡಿ.

ಮಾವನಿಗೆ ಇಂಗ್ಲಿಷ್ ಬಾರದು. ಬರೆದುಕೊಟ್ಟದ್ದನ್ನು ಚಿತ್ರದಂತೆ ನೋಡಿ ಕೆತ್ತುವುದಷ್ಟೇ. ಎಲ್ಲಕ್ಕಿಂತ ಹೆಚ್ಚು ಕೆತ್ತಿದ ಪದ ‘ಅಡ್ಮಿರಬ್ಲಿ’. ಒಮ್ಮೆ ಫಲಕ ಒಯ್ಯಲು ಬಂದ ಮೇಷ್ಟ್ರೊಬ್ಬರನ್ನು ಕೇಳಿಯೇಬಿಟ್ಟರು, “ಸಾರ್, ಈ ಪದ ಅಂದ್ರೆ ಏನು?”

ಮೇಷ್ಟ್ರಿಗೆ ಖುಷಿಯಾಯಿತು. “ಲ್ಯಾಟಿನ್ ಭಾಷೆಯಿಂದ ಬಂದದ್ದು. ‘ಮಿರಾರಿ’ ಅಂದ್ರೆ ಬೆರಗಾಗೋದು. ಮುಂದಿರೋ ‘ಅಡ್’ ಅಂದ್ರೆ ಅದರ ಕಡೆಗೆ. ಒಂದು ಕೆಲಸದ ಕಡೆ ತಿರುಗಿ ನೋಡಿ ಬೆರಗಾಗ್ಬೇಕು, ಹಂಗೆ ಮಾಡಿದ ಅಂತ. ಈಗ ಸವೆದು ಸವೆದು ‘ಬಹಳ ಚೆನ್ನಾಗಿ’ ಅಂತಷ್ಟೇ ಉಳಿದಿದೆ.”

ಅಂದಿನಿಂದ ಮಾವನಿಗೆ ಒಂದೇ ಹುಚ್ಚು. ಯಾರಾದರೂ ಒಮ್ಮೆ ತಿರುಗಿ ನೋಡಬೇಕು. ಮುಗಿದ ಫಲಕ ಹಿಡಿದು ಅಂಗಡಿ ಧಣಿಯ ಮೇಜಿನ ಮುಂದೆ ನಿಲ್ಲುವರು. ಧಣಿ ಅದನ್ನು ಮಗುಚಿ, ಹಿಂದಿನ ಕೊಂಡಿ ಗಟ್ಟಿ ಇದೆಯೇ ಎಂದು ಎಳೆದು, ಪೆಟ್ಟಿಗೆಗೆ ಹಾಕುವನು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಮಾವನ ಕಣ್ಣು ಮಂಜಾಗಿ ಕೆಲಸ ಬಿಡುವ ಕಾಲ ಬಂತು. ಬಿಡುವವರಿಗೊಂದು ಫಲಕ ಕೊಡುವುದು ಆ ಅಂಗಡಿಯ ಪದ್ಧತಿ. ಕೆತ್ತುವ ಕೈ ಇರುವುದು ಒಂದೇ.

“ನಿಂದೂ ನೀನೇ ಕೆತ್ಕೊಂಡ್ಬಿಡಪ್ಪ,” ಎಂದ ಧಣಿ. “ಮಾಮೂಲಿ ಪದಾನೇ ಹಾಕು.”

ಮನೆಯಲ್ಲಿ ಇದನ್ನು ಕೇಳಿ ನನಗೆ ಮೈಯೆಲ್ಲ ಉರಿಯಿತು. ಮಾವ ನಕ್ಕರು. “ನನ್ನನ್ನ ನೋಡಿ ನಾನೇ ಬೆರಗಾಗ್ಲಾ? ಆ ಒಂದು ಪದದ ಜಾಗ ಖಾಲಿ ಬಿಡ್ತೀನಿ. ಧಣಿ ನೋಡಿ ‘ಇದ್ಯಾಕೆ ಬಿಟ್ಟೆ’ ಅಂತ ಕೇಳಿದ್ರೆ ಸಾಕು. ಅಲ್ಲೇ ಅವರೆದುರೇ ಕೆತ್ತಿಬಿಡ್ತೀನಿ.”

ಬೀಳ್ಕೊಡುಗೆಗೆ ಒಗೆದ ಅಂಗಿ ತೊಟ್ಟು, ಉಳಿಯನ್ನು ಜೇಬಿನಲ್ಲಿಟ್ಟುಕೊಂಡು ಹೋದರು. ಜೊತೆಗೆ ಅತ್ತೆ, ನಾನು. ಧಣಿ ಫಲಕವನ್ನು ಕೈಗೆತ್ತಿಕೊಂಡ. ಕನ್ನಡಕ ಏರಿಸಿದ. ಮಾವ ಜೇಬಿಗೆ ಕೈ ಹಾಕಿದರು. ಧಣಿ ಫಲಕದ ಮೇಲೆ ಬೆರಳಾಡಿಸುತ್ತ, ಒಂದಿಷ್ಟೂ ತಡವರಿಸದೆ ಓದಿದ, “ಇಷ್ಟು ವರ್ಷ ನಮ್ಮಲ್ಲಿ ಅಡ್ಮಿರಬ್ಲಿ ದುಡಿದ ನಮ್ಮ ಊದಪ್ಪನಿಗೆ!” ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆಯೂ ತಟ್ಟಿದಳು.

ಮಾವ ಜೇಬಿನಲ್ಲಿದ್ದ ಉಳಿಯನ್ನು ಹಿಡಿದುಕೊಂಡೇ ನಡೆದರು. ಮನೆ ಹತ್ತಿರವಾದಾಗ ನನ್ನ ಕಡೆ ತಿರುಗಿದರು.

“ಇಲ್ಲದ್ದನ್ನೂ ಓದಿಬಿಟ್ರಲ್ಲೇ. ಹಂಗಾದ್ರೆ ನಾನು ಕೆತ್ತಿದ್ದಾಗ್ಲೂ ಯಾರೂ ನೋಡಿರ್ಲಿಲ್ಲ.”

ಅಂದು ಅತ್ತೆ ಬಾಗಿಲಲ್ಲಿ ಅಂಗಿ ಬಿಚ್ಚಿಸಲಿಲ್ಲ. ಅಂಗಿಗೆ ಪುಡಿಯೇ ಅಂಟಿರಲಿಲ್ಲ.