ಸಾಲು ಸಾಲಿಗೂ ಕಾರಣ ಕೇಳುವ ಗೋದಾ ಮೇಡಂ

ಹಿರಿಯ ಎಂಜಿನಿಯರ್ ಗೋದಾ ಮೇಡಂ ತನ್ನನ್ನು ಕೆಲಸದಿಂದ ತೆಗೆಸಲೆಂದೇ ಪಕ್ಕದಲ್ಲಿ ಕೂರಿಸಿಕೊಂಡಿದ್ದಾರೆ ಎಂದು ಸಾಫ್ಟ್‌ವೇರ್ ಕಂಪನಿಗೆ ಹೊಸದಾಗಿ ಸೇರಿದ್ದ ಗೌರೀಶ ಆರು ತಿಂಗಳು ನಂಬಿದ್ದ. ಎಐ ಅರೆಕ್ಷಣದಲ್ಲಿ ಬರೆದುಕೊಟ್ಟ ಪ್ರೋಗ್ರಾಮನ್ನು ಅವನು ತಾನೇ ಹೆತ್ತವನಂತೆ ಮೆರೆಸುತ್ತ ತಂದರೆ, ವೈಯಾಲಿಕಾವಲಿನ ಈ ಮೇಡಂ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಸೊಪ್ಪು ಸೋಸುವವರಂತೆ ಒಂದೊಂದೇ ಸಾಲು ಎತ್ತಿ, ‘ಇದು ಯಾಕೆ?’ ಎನ್ನುತ್ತಿದ್ದರು. ಒಂದು ಇಡ್ಲಿಗೆ ಎರಡು ಚಮಚ ತಂದ ಹೋಟೆಲಿನ ಮಾಣಿಯೂ, ಮೂರನೇ ಮಹಡಿಯಲ್ಲಿ ಕೆಟ್ಟು ನಿಂತ ಲಿಫ್ಟೂ ಅವರಿಗೆ ಕಾರಣ ಹೇಳಲೇಬೇಕು. ಗೌರೀಶ ‘ಎಐನೇ ಹಂಗೆ ಬರೀತು ಮೇಡಂ’ ಎಂದರೆ, ‘ಸಂಬಳಾನೂ ಅದಕ್ಕೇ ಕೊಡ್ಸ್ಲಾ?’ ಎನ್ನುವರು. ಅವನು ಮನಸ್ಸಿನಲ್ಲೇ ಬೈದುಕೊಳ್ಳುತ್ತ ಓದಿದ, ವಿವರಿಸಿದ, ತಪ್ಪು ಕಂಡಲ್ಲಿ ತಿದ್ದಿದ. ಎಐ ಇದೆಯಲ್ಲ ಎಂದು ಕಂಪನಿ ಹೊಸಬರ ಹೆಸರು ಹೊಡೆದುಹಾಕಲು ಕುಳಿತ ದಿನ, ಮೇಡಂ ಮ್ಯಾನೇಜರ್ ಮುಂದೆ ತಮ್ಮ ಡೈರಿ ಬಿಚ್ಚಿಟ್ಟರು. ಎಐ ಮಾಡಿದ ಯಾವ ತಪ್ಪನ್ನು ಗೌರೀಶ ಯಾವತ್ತು ಹಿಡಿದನೆಂದು ಅದರಲ್ಲಿ ತಾರೀಖಿನ ಸಮೇತ ಬರೆದಿತ್ತು. ಅವನ ಕೆಲಸ ಉಳಿಯಿತು. ಕಣ್ಣು ತುಂಬಿಬಂದು, ಥ್ಯಾಂಕ್ಸ್ ಹೇಳಲು ಹೋದವನು, ‘ಮೇಡಂ, ನಾಳೆ ತಪ್ಪನ್ನೂ ಎಐನೇ ಹಿಡಿದ್ರೆ ನಮಗೇನು ಕೆಲ್ಸ?’ ಎಂದುಬಿಟ್ಟ. ‘ಕಸ್ಟಮರ್ ಬೈದಾಗ ಎದುರಿಗೆ ನಿಂತು ಬೈಸ್ಕೊಳ್ಳೋಕೆ ಒಬ್ಬ ಬೇಕಲ್ಲಪ್ಪಾ’ ಎಂದರು ಮೇಡಂ.