ಮನಿ ಮರೆತವರಲ್ಲ

ನುಡಿನಮನಕ್ಕೆ ನನ್ನಂಥ ಭಾಷಣಕಾರ ಧಾರವಾಡ ಜಿಲ್ಲೆಯಲ್ಲೇ ಇನ್ನೊಬ್ಬನಿಲ್ಲ. ನಾನು ಹೊಗಳಲು ನಿಂತರೆ ಹಾರ ಹಾಕಿದ ಫೋಟೋ ಕೂಡ ನಾಚಿಕೊಳ್ಳುತ್ತದೆ. ಅದಕ್ಕೇ ಗುಡಗೇರಿಯ ಭೌತವಿಜ್ಞಾನಿಯೊಬ್ಬರು ತೀರಿಕೊಂಡಾಗ, ಅವರ ಮುಖವನ್ನೇ ನೋಡಿರದ ನನಗೆ ಕರೆ ಬಂತು.

ಮೈಕು ಹಿಡಿದು ದನಿ ಏರಿಸಿದೆ. "ನಮ್ಮ ಸರ್ ಹೆಂಡ್ತಿ, ಮಕ್ಕಳು, ಮನಿ ಎಲ್ಲಾ ಮರೆತು ವಿಜ್ಞಾನಕ್ಕ ಜೀವಾ ತೇದರು."

ಚಪ್ಪಾಳೆಗೆ ಕಾಯುತ್ತಿದ್ದೆ. ಮುಂದಿನ ಸಾಲಿನಲ್ಲಿದ್ದ ಅವರ ಹೆಂಡತಿ ಎದ್ದು ನಿಂತರು.

"ಅಲ್ಲಿಗೇ ನಿಲ್ಲಸ್ರಿ. ಇದನ್ನ ನಿಮಗ ಯಾರ್ ಹೇಳಿದ್ರು?"

ನಾನು ಮೈಕು ಕೆಳಗಿಳಿಸಿದೆ. "ವಿಜ್ಞಾನಿಗಳಿಗೆ ಹಿಂಗ ಅನ್ನೂದು ರೂಢಿ ಐತ್ರಿ, ಅಕ್ಕಾರ."

"ನನ್ನ ಬಲಗೈ ಮ್ಯಾಲೇಳೂದಿಲ್ಲ. ಇಪ್ಪತ್ತು ವರ್ಷ ನಮ್ಮನ್ಯಾಗ ರೊಟ್ಟಿ ಬಡದವ್ರು ಅವರು. ಬೆಳಕಿನ ಲೆಕ್ಕಾ ಹಿಟ್ಟಿನ ಮ್ಯಾಲ ಬೆರಳಿಲೆ ಬರೀತಿದ್ರು. ಮಕ್ಕಳು ಹಸದಾವು ಅಂದ್ರ ಅರ್ಧಕ್ಕ ಅಳಿಸಿ ರೊಟ್ಟಿ ಬಡೀತಿದ್ರು. ಅಂಥವ್ರು ಮನಿ ಮರೆತ್ರು ಅನ್ನಬ್ಯಾಡ್ರಿ. ತಿದ್ದಿ ಹೇಳ್ರಿ."

ಇಷ್ಟು ಜನರನ್ನು ಹೊಗಳಿ ಕಳಿಸಿದವನಿಗೆ, ಹೊಗಳಿಕೆಯೇ ಬೈಗುಳವಾದೀತೆಂದು ಹೊಳೆದೇ ಇರಲಿಲ್ಲ.

"ಸರ್ ಮನಿ ಮರೆತವರಲ್ಲ. ಲೆಕ್ಕಾ ಅಳಿಸಿ ಮಕ್ಕಳಿಗೆ ರೊಟ್ಟಿ ಬಡದವ್ರು" ಎಂದು ಮೈಕಿನಲ್ಲೇ ತಿದ್ದಿದೆ. ಅವರು ಕಣ್ಣೊರೆಸಿಕೊಂಡು ಕುಳಿತರು.

ಮದುವೆಯಾದಾಗಿನಿಂದ ಹಿಟ್ಟು ಮುಟ್ಟದ ನಾನು ಕುಂದಗೋಳದ ಮನೆಗೆ ಮರಳಿದವನೇ ಸೀದಾ ಒಲೆಯ ಮುಂದೆ ಕೂತು, "ಇವತ್ತ ರೊಟ್ಟಿ ನಾ ಬಡೀತೇನಿ" ಅಂದೆ.

ನನ್ನಾಕೆಯ ಮುಖ ಬಿಳಿಚಿಕೊಂಡಿತು. "ಯಾವ ಡಾಕ್ಟರ್ ಕಡೆ ಹೋಗಿದ್ರಿ? ಅವ್ರು ಏನಂದ್ರು, ಮುಚ್ಚಿಡದ ಹೇಳ್ರಿ."